ಮೊದಲು ತನ್ನ ಬಾಯಿ ತೋರಿಸುವ ಟಾರ್ಚಕ್ಕ

“ಮೇಲಿನ ಸಾಲು, ಎಡಗಡೆ, ಹಿಂದಿನಿಂದ ಎರಡನೇದು. ಹುಳುಕು. ಈ ಮಾಲು ಹರಾಜಿಗೆ ನಿಲ್ಲಲ್ಲ ಸಿಸ್ಟರ್.”

ಹೀಗೆ ತೀರ್ಪು ಕೊಟ್ಟವರು ಹಲ್ಲಿನ ಡಾಕ್ಟರಲ್ಲ. ಕ್ಯಾನ್ಸರ್ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಎರಡು ದಿಂಬಿಗೆ ಒರಗಿ ಕುಳಿತಿರುವ ರೋಗಿ. ಅವರ ಕೈಯಲ್ಲೊಂದು ಪುಟ್ಟ ಟಾರ್ಚು. ಅವರೆದುರು ಒಂದು ಮಾರು ದೂರದಲ್ಲಿ, ಮರದ ಸ್ಟೂಲಿನ ಮೇಲೆ, ಗದ್ದ ಮೇಲೆತ್ತಿ ‘ಆ’ ಎಂದು ಬಾಯಿ ಕಳೆದು ಕುಳಿತಿರುವವರು ನರ್ಸು. ಬೆಳಗಿನ ಆರೂಕಾಲು. ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಕಾರಿಡಾರಿನ ಕೊನೆಯಲ್ಲಿ ನೆಲ ಒರೆಸುವವರ ಬಕೆಟ್ಟು ಕಿರ್ರೆನ್ನುತ್ತಿದೆ.

“ಅದು ಹೋದ ವರ್ಷದ್ದು ಅಣ್ಣಾ. ಕೀಳಿಸೋಣ ಅಂದ್ರೆ ನನಗೇ ಭಯ,” ಎಂದು ನರ್ಸು ಬಾಯಿ ಮುಚ್ಚಿ, ಮಾಸ್ಕು ಮೇಲೆಳೆದುಕೊಳ್ಳುತ್ತಾರೆ. “ನನ್ನದು ನೋಡಾಯ್ತಲ್ಲ? ಟಾರ್ಚು ಈ ಕಡೆ ಕೊಡಿ. ಈಗ ನಿಮ್ಮ ಸರದಿ.”

ರೋಗಿಯ ನಗು ಅರ್ಧಕ್ಕೇ ನಿಲ್ಲುತ್ತದೆ. ನಕ್ಕರೆ ತುಟಿ ಎಳೆಯುತ್ತದೆ, ಎಳೆದರೆ ಸೀಳುತ್ತದೆ.

ಈ ನರ್ಸಿಗೆ ವಾರ್ಡಿನವರು ಇಟ್ಟ ಹೆಸರು ಟಾರ್ಚಕ್ಕ. ಇಪ್ಪತ್ತಾರು ವರ್ಷಗಳಿಂದ ಕ್ಯಾನ್ಸರ್ ರೋಗಿಗಳ ಬಾಯಿ ನೋಡುತ್ತಾ ಬಂದಿದ್ದಾರೆ. ಬೇರೆ ನರ್ಸುಗಳು ಬೆಳಿಗ್ಗೆ ಬಂದು ನಾಡಿ ಹಿಡಿದರೆ ಇವರು ಬಾಯಿ ಬಿಡಿಸುತ್ತಾರೆ. ಬಿಡಿಸುವ ಮುಂಚೆ ತಾವೇ ಬಿಡುತ್ತಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲದ, ಅವರೇ ಮಾಡಿಕೊಂಡ ಪದ್ಧತಿ. “ಬಾಯಿ ಒಳಗಡೆ ತೋರ್ಸೋದು ಅಂದ್ರೆ ಜನಕ್ಕೆ ಬಟ್ಟೆ ಬಿಚ್ಚಿದಷ್ಟೇ ನಾಚಿಕೆ. ಅದಕ್ಕೇ ಮೊದಲು ನಮ್ಮ ಮನೆ ಬಾಗಿಲು ತೆಗೆದುಬಿಡ್ತೀನಿ. ಆಮೇಲೆ ಅವರು ಮುಚ್ಕೊಂಡು ಕೂರೋಕಾಗುತ್ತಾ?” ರಕ್ತದಲ್ಲಿ ಶಕ್ತಿ ಕುಂದಿ, ಬೇಗ ಸೋಂಕು ತಗಲುವ ರೋಗಿಗಳ ಎದುರು ಮಾತ್ರ ಅವರು ಮಾಸ್ಕು ತೆಗೆಯುವುದಿಲ್ಲ. ಅಂಥವರಿಗೆ ಮೊಬೈಲಿನಲ್ಲಿರುವ ತಮ್ಮ ಬಾಯಿಯ ಫೋಟೋ ತೋರಿಸುತ್ತಾರೆ. ತೆಗೆದವರು ಗಂಡ. ತೆಗೆಯುವಾಗ ಕೈ ನಡುಗುವಷ್ಟು ನಕ್ಕಿದ್ದರಂತೆ, ಅದಕ್ಕೇ ಒಂದು ಮೂಲೆ ಮಸುಕಾಗಿದೆ.

ಕಿಟಕಿ ಪಕ್ಕದ ರೋಗಿ ತರಕಾರಿ ಮಂಡಿಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವರು. ವಾರ್ಡಿನಲ್ಲಿ ಎಲ್ಲರಿಗೂ ಹರಾಜಣ್ಣ. ಮಂಡಿಯ ಈ ತುದಿಯಲ್ಲಿ ಇವರು ದನಿ ತೆಗೆದರೆ ಆ ತುದಿಯ ಲಾರಿಯಲ್ಲಿ ಮಲಗಿದ್ದ ಡ್ರೈವರು ಎದ್ದು ಕೂರುತ್ತಿದ್ದ. ಮಾಲು ಕೈಬದಲಾಯಿತೆಂದರೆ ಮುಂದಿರುವ ಪೆಟ್ಟಿಗೆಯ ಮೇಲೆ ಅಂಗೈಯಿಂದ ಮೂರು ಏಟು, ಅಷ್ಟೇ. ಮೂರನೇ ಏಟಿನ ಮೇಲೆ ಯಾರ ಮಾತೂ ಇಲ್ಲ. ಈಗ ಅದೇ ಬಾಯಿಂದ ನೂಲಿನಷ್ಟು ಸಣ್ಣ ದನಿ ಹೊರಡುತ್ತದೆ. ನಾಲಗೆಯ ಬುಡದಲ್ಲಿ, ಬಲಗಡೆ, ಕ್ಯಾನ್ಸರ್. ಮೂವತ್ಮೂರು ಸಲ ರೇಡಿಯೇಷನ್ ಕೊಡಬೇಕು. ಇಂದು ಸೋಮವಾರ, ಇಪ್ಪತ್ಮೂರನೆಯದು.

ಅಪಾಯ ಕ್ಯಾನ್ಸರಿನದೊಂದೇ ಅಲ್ಲ. ರೇಡಿಯೇಷನ್ ಕೊಡುವಾಗ ತಲೆ ಒಂದೆಳೆಯೂ ಅಲುಗಾಡಬಾರದೆಂದು ಮುಖದ ಅಚ್ಚಿಗೆ ಸರಿಯಾಗಿ ಒಂದು ಜಾಲರಿ ಮುಖವಾಡ ಮಾಡಿರುತ್ತಾರೆ. ಅದನ್ನು ಮುಖದ ಮೇಲಿಟ್ಟು ಮೇಜಿಗೆ ಕ್ಲಿಪ್ಪು ಹಾಕುತ್ತಾರೆ. ಬಾಯಿ ಹುಣ್ಣಾಗಿ ಊಟ ನಿಂತರೆ ಮೈ ಇಳಿಯುತ್ತದೆ, ಮೈ ಇಳಿದರೆ ಕೆನ್ನೆ ಒಳಸೇರುತ್ತದೆ, ಮುಖವಾಡ ಸಡಿಲವಾಗುತ್ತದೆ. ಸಡಿಲ ಮುಖವಾಡದಲ್ಲಿ ಕಿರಣ ಬಿಡುವಂತಿಲ್ಲ. ಹೊಸ ಅಚ್ಚು, ಹೊಸ ಲೆಕ್ಕಾಚಾರ ಎಂದು ಐದಾರು ದಿನ ಚಿಕಿತ್ಸೆ ನಿಲ್ಲುತ್ತದೆ. ನಡುವೆ ನಿಂತರೆ ಒಳಗಿರುವ ರೋಗಕ್ಕೆ ಉಸಿರು ಬಿಡಲು ಸಮಯ ಕೊಟ್ಟಂತೆ. ಹೋದ ಶುಕ್ರವಾರ ಮುಖವಾಡಕ್ಕೂ ಕೆನ್ನೆಗೂ ನಡುವೆ ಟೆಕ್ನಿಷಿಯನ್ನರ ಒಂದು ಬೆರಳು ಸಲೀಸಾಗಿ ಹೋಗಿದೆ. “ಎರಡು ಬೆರಳು ಹೋದ ದಿನ ನಿಲ್ಲಿಸ್ತೀವಿ,” ಎಂದಿದ್ದಾರೆ ಡಾಕ್ಟರು. ಮೊದಲ ದಿನ ಅರವತ್ತೇಳು ಕಿಲೋ ಇದ್ದ ಹರಾಜಣ್ಣ ಇಂದು ಐವತ್ತೊಂಬತ್ತು ಕಿಲೋ ಎಂಟುನೂರು ಗ್ರಾಮು.

ಹರಾಜಣ್ಣ ಬಾಯಿ ಬಿಡುತ್ತಾರೆ. ಎರಡು ಬೆರಳಗಲ, ಅದೂ ಕಣ್ಣು ಮುಚ್ಚಿಕೊಂಡು. ಟಾರ್ಚಕ್ಕ ಕೈಗವಸು ತೊಟ್ಟು, ತಲೆ ವಾಲಿಸಿ, ಬೆಳಕು ಬಿಟ್ಟು ನೋಡುತ್ತಾರೆ. ಬಲಗೆನ್ನೆಯ ಒಳಗೆ, ಗಂಟಲಿನ ಬಾಗಿಲಲ್ಲಿ ಬಿಳಿ ಪೊರೆ, ಅದರ ಸುತ್ತ ಹಸಿ ಕೆಂಪು. ಇದು ನಿರೀಕ್ಷಿಸಿದ್ದೇ. ಕಿರಣ ಹಾಯುವ ದಾರಿ ಅದು. ಆದರೆ ಟಾರ್ಚಿನ ಬೆಳಕು ಹಿಂದಕ್ಕೆ ಸರಿದು ಕೆಳದುಟಿಯ ಒಳಮೈಗೆ ಬರುತ್ತದೆ. ಅಲ್ಲಿ ನಿಲ್ಲುತ್ತದೆ. ಹೋದ ವಾರ ಬರೀ ತಿಳಿಗೆಂಪಿದ್ದ ನಾಲಗೆಯ ತುದಿ, ಎಡಗೆನ್ನೆ, ಅಂಗುಳದ ಮುಂಭಾಗ, ಎಲ್ಲ ಈಗ ಸುಲಿದಂತೆ ಕೆಂಪು. ಅಲ್ಲಿಗೆ ಇಷ್ಟೊಂದು ಕಿರಣ ತಾಕುವುದೇ ಇಲ್ಲ.

ಟಾರ್ಚಕ್ಕ ಟಾರ್ಚು ಆರಿಸುತ್ತಾರೆ. ಚಾರ್ಟಿನಲ್ಲಿ ಬರೆಯುತ್ತಾರೆ. ಸ್ಟೂಲು ಎತ್ತಿಕೊಂಡು ಮುಂದಿನ ಹಾಸಿಗೆಗೆ ನಡೆಯುತ್ತಾರೆ. ನಡೆಯುವಾಗ ಹುಬ್ಬು ಗಂಟಿಕ್ಕಿರುತ್ತದೆ.

ವಾರ್ಡಿನಲ್ಲಿ ಇಪ್ಪತ್ತೆಂಟು ಹಾಸಿಗೆ. ಬೆಳಿಗ್ಗೆ ಬಂದು ಔಷಧಿ ಏರಿಸಿಕೊಂಡು ಸಂಜೆ ಮನೆಗೆ ಹೋಗುವವರು ಹದಿನೈದೋ ಇಪ್ಪತ್ತೋ. ಹತ್ತು ಗಂಟೆಯೊಳಗೆ ಟಾರ್ಚಕ್ಕ ನಲವತ್ತಕ್ಕೂ ಹೆಚ್ಚು ಬಾಯಿ ನೋಡಿರುತ್ತಾರೆ. ಮೂರು ಲೀಟರು ಮುಕ್ಕಳಿಸುವ ನೀರು ಮಾಡಿಟ್ಟಿರುತ್ತಾರೆ. ಅದರಲ್ಲಿ ಗುಟ್ಟೇನಿಲ್ಲ: ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ. ಪ್ರತಿದಿನ ಹೊಸದು. ಟಾರ್ಚಿನ ಸೆಲ್ಲು ಹದಿನೇಳು ದಿನ ಬರುತ್ತದೆ. ಹದಿನೆಂಟನೇ ದಿನವೂ ಉರಿದರೆ ಅಂಗಡಿಯವನಿಗೆ ಹೋಗಿ ಹೇಳಿ ಬರುತ್ತಾರೆ.

ಒಬ್ಬೊಬ್ಬರಿಗೆ ಒಂದೊಂದು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬರಿಗೆ ಇಂದು ಬೇಗ ಏರುವ ಒಂದು ಇಂಜೆಕ್ಷನ್ ಇದೆ. ಅದಕ್ಕೆ ಐದು ನಿಮಿಷ ಮುಂಚೆ ಟಾರ್ಚಕ್ಕ ಬಟ್ಟಲು ತುಂಬ ಐಸಿನ ಚೂರು ತಂದಿಟ್ಟು, “ಅರ್ಧ ಗಂಟೆ ಚೀಪ್ತಾ ಇರಿ, ಮಾತಾಡಬೇಡಿ. ನಿಮಗೆ ಅದು ರೂಢಿ ಇದೆಯಲ್ಲ, ಇಡೀ ದಿನ ಎಲ್ಲರಿಗೂ ಸುಮ್ಮನಿರಿ ಅಂತಾನೇ ಹೇಳ್ತೀರಿ,” ಎನ್ನುತ್ತಾರೆ. ತಣ್ಣಗಾದ ಬಾಯಿಗೆ ರಕ್ತ ಕಡಿಮೆ ಹರಿಯುತ್ತದೆ, ಔಷಧಿ ಕಡಿಮೆ ತಲುಪುತ್ತದೆ, ಹುಣ್ಣು ಕಡಿಮೆಯಾಗುತ್ತದೆ. ಪಕ್ಕದ ಕುರ್ಚಿಯ ಹೆಂಗಸು ನನಗೂ ಇರಲಿ ಎಂದು ಕೈ ಚಾಚಿದರೆ ಟಾರ್ಚಕ್ಕ ಬಟ್ಟಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. “ನಿಮಗೆ ಬೇಡ ತಾಯಿ. ನಿಮ್ಮ ಔಷಧಿಗೆ ತಣ್ಣಗಿನದು ಆಗಿಬರಲ್ಲ, ಗಂಟಲು ಹಿಡಿದಂಗಾಗುತ್ತೆ. ಇದು ಮದುವೆ ಮನೆ ಐಸ್‌ಕ್ರೀಮಲ್ಲ, ಎಲ್ಲರಿಗೂ ಬಡಿಸೋಕೆ.”

ಐಸು ಉಳಿಸಿಕೊಳ್ಳುವುದೇ ಒಂದು ಸಾಹಸ. ಫ್ರಿಜ್ಜಿನಲ್ಲಿಟ್ಟ ಐಸು ಬೇಸಿಗೆಯಲ್ಲಿ ಮಾಯವಾಗಿ ಯಾರದೋ ಜ್ಯೂಸಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಟಾರ್ಚಕ್ಕ ಟ್ರೇ ಮೇಲೆ ‘ಪರೀಕ್ಷೆಗೆ ಕಳಿಸುವ ಮಾದರಿ’ ಎಂದು ಚೀಟಿ ಅಂಟಿಸಿದ ದಿನದಿಂದ ಒಂದು ತುಂಡೂ ಕಳೆದಿಲ್ಲ.

ಟಾರ್ಚಕ್ಕನ ತಂದೆ ಗಡಿಯಾರ ರಿಪೇರಿಯವರು. ಕಣ್ಣಿಗೊಂದು ಮಸೂರ ಕಚ್ಚಿಸಿಕೊಂಡು, ಸಣ್ಣ ಕತ್ತಲೊಳಗೆ ಇನ್ನೂ ಸಣ್ಣ ಹಲ್ಲುಗಳ ಚಕ್ರಗಳನ್ನು ನೋಡುತ್ತಾ ಕೂರುತ್ತಿದ್ದರು. ಮೂವರು ಹೆಣ್ಣುಮಕ್ಕಳಲ್ಲಿ ಇವರು ನಡುವಿನವರು. “ನಾನೂ ಅದನ್ನೇ ಮಾಡ್ತಿರೋದು. ಅಪ್ಪಂದು ಟಿಕ್‌ಟಿಕ್ ಅಂತಿತ್ತು, ನಂದು ಅಯ್ಯೋ ಅಮ್ಮಾ ಅನ್ನುತ್ತೆ, ಅಷ್ಟೇ ವ್ಯತ್ಯಾಸ.” ನರ್ಸಿಂಗ್ ಮೊದಲ ವರ್ಷದಲ್ಲಿ ಒಂದು ವಿಷಯದಲ್ಲಿ ಫೇಲು. ಅದು ಯಾವುದೆಂದು ಕೇಳಿದರೆ ಬೇರೆ ಕಡೆ ನೋಡುತ್ತಾರೆ. ಜೊತೆಯವರು ಆಪರೇಷನ್ ಥಿಯೇಟರು, ತುರ್ತು ಘಟಕ ಎಂದು ಹೆಸರುಳ್ಳ ಕಡೆ ಹೋದರೆ, ಇವರಿಗೆ ಸಿಕ್ಕಿದ್ದು ಈ ವಾರ್ಡು. ಬಾಯಿಯ ಹಿಂದೆ ಬಿದ್ದ ಮೇಲಂತೂ ಊಟದ ಕೋಣೆಯಲ್ಲಿ ‘ಹಲ್ಲುಜ್ಜೋ ಆಯಾ’ ಎಂದು ಕರೆದವರಿದ್ದರು. ಈಗ ಅವರಲ್ಲೇ ಇಬ್ಬರು ತಮ್ಮ ಮನೆಯವರನ್ನು ಇವರ ಸ್ಟೂಲಿನ ಮುಂದೆ ತಂದು ಕೂರಿಸಿದ್ದಾರೆ. “ಕರೆದದ್ದು ತಪ್ಪೇನಲ್ಲ ಬಿಡಿ,” ಎನ್ನುತ್ತಾರೆ ಟಾರ್ಚಕ್ಕ, “ಹಲ್ಲು ಉಜ್ಜಿಸ್ತೀನಲ್ಲ.”

ಮನೆಯಲ್ಲಿ ಮಾತ್ರ ಈ ವಿದ್ಯೆ ನಡೆಯುವುದಿಲ್ಲ. ಗಂಡ ಶಾಲೆಯ ವ್ಯಾನು ಓಡಿಸುವವರು, ಸಕ್ಕರೆ ಬಿಡುವ ಮಾತೆತ್ತಿದರೆ ವ್ಯಾನು ತೊಳೆಯಲು ಹೋಗಿಬಿಡುತ್ತಾರೆ. ಎಂಬತ್ತೆರಡರ ಅತ್ತೆಗೆ ಕಟ್ಟಿಸಿದ ಹಲ್ಲಿನ ಸೆಟ್ಟು. ಅದನ್ನು ಮಲಗುವಾಗ ತೆಗೆಯಬೇಕೆಂದು ಹನ್ನೆರಡು ವರ್ಷದಿಂದ ಸೊಸೆ ಹೇಳುತ್ತಿದ್ದಾರೆ. “ಕನಸಲ್ಲಿ ಯಾರಾದ್ರೂ ಊಟಕ್ಕೆ ಕರೆದ್ರೆ?” ಎಂದು ಅತ್ತೆ ಕೇಳುತ್ತಾರೆ.

ಹನ್ನೊಂದು ಗಂಟೆಗೆ ಟಾರ್ಚಕ್ಕ ಕಾರಿಡಾರಿನ ತೊಟ್ಟಿಯ ಹತ್ತಿರ ನಿಂತಿದ್ದಾರೆ. ಕೈ ತೊಳೆಯುವ ನೆಪ. ಹರಾಜಣ್ಣನ ಹೆಂಡತಿ ಗಂಡನನ್ನು ನಿಧಾನ ನಡೆಸಿಕೊಂಡು ಬಂದು, ತೊಟ್ಟಿಗೆ ಬಗ್ಗಿಸಿ, ಸೆರಗಿನ ಮರೆಯಿಂದ ಲೋಟ ಹಿಡಿಯುತ್ತಾರೆ. ಹರಾಜಣ್ಣ ಬಾಯಿಗೆ ಹಾಕಿಕೊಳ್ಳುತ್ತಾರೆ. ಎರಡೂ ಕೈ ತೊಟ್ಟಿಯ ಅಂಚನ್ನು ಕಚ್ಚಿ ಹಿಡಿಯುತ್ತವೆ, ಬೆರಳ ಗೆಣ್ಣು ಬೆಳ್ಳಗಾಗುತ್ತದೆ, ಕಣ್ಣಿಂದ ನೀರು ಗಲ್ಲಕ್ಕೆ ಇಳಿಯುತ್ತದೆ. ಹೆಂಡತಿ ಬೆನ್ನು ನೀವುತ್ತಾ ಮೆಲ್ಲಗೆ ಎಣಿಸುತ್ತಾರೆ. “ಹದಿನೈದು… ಹದಿನಾರು… ಇನ್ನೊಂಚೂರು ರೀ, ಇಪ್ಪತ್ತು ಆಗಲಿ.”

ಗಾಳಿಯಲ್ಲಿ ಪುದೀನದ ಖಾರ ವಾಸನೆ.

ಉಪ್ಪು ಸೋಡಾ ನೀರಿಗೆ ವಾಸನೆ ಇರುವುದಿಲ್ಲ.

ಹೆಂಡತಿ ಗಂಡನನ್ನು ಹಾಸಿಗೆಗೆ ಬಿಟ್ಟು ಬಂದ ಮೇಲೆ ಟಾರ್ಚಕ್ಕ ಅವರನ್ನು ಔಷಧಿ ಕೋಣೆಗೆ ಕರೆಯುತ್ತಾರೆ. “ಅತ್ತಿಗೆ, ಆ ಬಾಟ್ಲಿ ಒಂದ್ಸಲ ಕೊಡಿ ನೋಡೋಣ.”

“ಯಾವ ಬಾಟ್ಲಿ?”

“ಟವೆಲ್ಲಲ್ಲಿ ಸುತ್ತಿಟ್ಟಿದ್ದೀರಲ್ಲ, ಅದು.”

ಹೆಂಡತಿಯ ಕೈಚೀಲದಿಂದ ಹಸಿರು ಬಾಟಲಿ ಹೊರಬರುತ್ತದೆ. ಅಂಗಡಿಯಲ್ಲಿ ಸಿಗುವ ಬಾಯಿ ಮುಕ್ಕಳಿಸುವ ದ್ರವ, ಬಲು ಖಾರದ್ದು, ಮದ್ಯಸಾರ ಬೆರೆತದ್ದು. ಮುಕ್ಕಾಲು ಖಾಲಿ.

“ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಮಾಡಿಸ್ತೀನಿ ಸಿಸ್ಟರ್. ನಿಮ್ಮ ನೀರು ಸಪ್ಪೆ, ಅದರಲ್ಲಿ ಏನೂ ಗೊತ್ತೇ ಆಗಲ್ಲ. ಇದಾದ್ರೆ ಚೆನ್ನಾಗಿ ಉರಿಯುತ್ತೆ. ಉರಿದ್ರೆ ತಾನೇ ಒಳಗಿರೋ ಕ್ರಿಮಿ ಸಾಯೋದು?” ಹೆಂಡತಿಯ ದನಿಯಲ್ಲಿ ಕಳ್ಳತನವಿಲ್ಲ, ಒಳ್ಳೆ ಕೆಲಸ ಮಾಡಿದವರ ಅಳುಕು ಮಾತ್ರ ಇದೆ.

“ಯಾರು ಹೇಳಿದ್ದು?”

“ಇವರೇ ತರಿಸಿದ್ದು. ಹನ್ನೆರಡು ದಿನದ ಹಿಂದೆ ಮೈದುನ ಬಂದಿದ್ದರು ನೋಡೋಕೆ. ಅಣ್ಣಂದ್ರೆ ಪ್ರಾಣ ಅವರಿಗೆ. ಬಂದವರು ಕುರ್ಚಿ ಹಿಂದಕ್ಕೆ ಎಳ್ಕೊಂಡು ಬಾಗಿಲ ಹತ್ರ ಕೂತ್ರು. ಐದು ನಿಮಿಷ ಕೂತು ಎದ್ದುಹೋದ್ರು. ಇವರು ಆವತ್ತಿಡೀ ಗೋಡೆ ಕಡೆ ತಿರುಗಿ ಮಲಗಿದ್ರು. ಆಮೇಲೆ ಹೇಳಿದ್ರು, ‘ನನ್ನ ಬಾಯಿ ನಾರುತ್ತೆ ಕಣೇ. ಮಂಡಿಲಿ ಸಾವಿರ ಜನ ನನ್ನ ಬಾಯಿ ನೋಡ್ತಾ ನಿಲ್ತಿದ್ರು, ಈಗ ಒಡಹುಟ್ಟಿದೋನಿಗೂ ಹತ್ರ ಕೂರೋಕಾಗಲ್ಲ’ ಅಂತ.”

ಟಾರ್ಚಕ್ಕ ಬಾಟಲಿಯ ಮುಚ್ಚಳಕ್ಕೆ ಸ್ವಲ್ಪ ಸುರಿದುಕೊಂಡು, ಮಾಸ್ಕು ಇಳಿಸಿ, ತಮ್ಮ ಬಾಯಿಗೇ ಹಾಕಿಕೊಳ್ಳುತ್ತಾರೆ. ಇಪ್ಪತ್ತು ಎಣಿಸುವವರೆಗೆ ಹಿಡಿದು ಉಗಿಯುತ್ತಾರೆ. ಅವರ ಕಣ್ಣಲ್ಲೂ ನೀರು ಬಂದಿದೆ.

“ನನ್ನ ಬಾಯಲ್ಲಿ ಒಂದು ಗಾಯ ಇಲ್ಲ ಅತ್ತಿಗೆ. ಆ ಹುಳುಕು ಹಲ್ಲು ಬಿಟ್ರೆ ಎಲ್ಲ ಗಟ್ಟಿ. ನನಗೇ ಹೀಗಾಗಿದೆ.”

ಮಾತು ತಲೆಗೆ ಹೋಗಲು ಅರೆಗಳಿಗೆ. ಆಮೇಲೆ ಹೆಂಡತಿ ಅಲ್ಲೇ ಗೋಡೆಗೆ ಒರಗಿ ಕುಸಿಯುತ್ತಾರೆ. “ಹನ್ನೆರಡು ದಿನ… ಬೆನ್ನು ನೀವ್ಕೊಂಡು ನೀವ್ಕೊಂಡು ಸುಟ್ಟೆನಲ್ಲಾ ಸಿಸ್ಟರ್. ಅವರು ಬೇಡ ಅಂತ ಕೈ ಅಡ್ಡ ಹಿಡಿದ್ರೂ ಬಿಡದೆ…”

ಟಾರ್ಚಕ್ಕ ಅವರ ಪಕ್ಕದಲ್ಲಿ, ನೆಲದ ಮೇಲೆ, ಕುಳಿತುಕೊಳ್ಳುತ್ತಾರೆ. ಮಂಡಿ ಕಟಕಟ ಎನ್ನುತ್ತದೆ. ತಮ್ಮ ಯೂನಿಫಾರ್ಮಿನ ಎದೆಯ ಮೇಲಿರುವ ಉದ್ದನೆಯ ಸಣ್ಣ ಜೇಬು ತೋರಿಸುತ್ತಾರೆ. ಬೇರೆ ಯಾವ ನರ್ಸಿನ ಬಟ್ಟೆಯಲ್ಲೂ ಇಲ್ಲದ, ಟಾರ್ಚು ಮಾತ್ರ ಹಿಡಿಸುವ ಜೇಬು.

“ಇದನ್ನ ಹೊಲಿದವರು ಒಬ್ಬ ಟೈಲರು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ಪೇಷೆಂಟು. ದಿನಾ ಬೆಳಿಗ್ಗೆ ಹೋಗಿ ‘ಬಾಯಿ ಹೇಗಿದೆ, ಊಟ ಆಯ್ತಾ’ ಅಂತ ಕೇಳ್ತಿದ್ದೆ. ಅವರು ನಕ್ಕು ತಲೆ ಆಡಿಸ್ತಿದ್ರು. ನಾನು ‘ಬಾಯಿ ಚೆನ್ನಾಗಿದೆ’ ಅಂತ ಬರ್ಕೊಂಡು ಮುಂದೆ ಹೋಗ್ತಿದ್ದೆ. ಐದು ದಿನ. ಆರನೇ ದಿನ ಜ್ವರ, ಮೈ ಕೆಂಡ. ಬಾಯಿ ಬಿಡಿಸಿ ನೋಡಿದ್ರೆ ಒಳಗೆ ಬೆರಳಿಡೋಕೆ ಜಾಗ ಇಲ್ಲ, ಅಷ್ಟು ಹುಣ್ಣು. ಊಟದ ತಟ್ಟೆ ದಿನಾ ಪಕ್ಕದ ಹಾಸಿಗೆಗೆ ಹೋಗ್ತಿತ್ತಂತೆ. ಮೂರು ವಾರ ಅವರ ಚಿಕಿತ್ಸೆ ನಿಂತುಹೋಯ್ತು, ನನ್ನಿಂದ. ಯಾಕೆ ಹೇಳಲಿಲ್ಲ ಅಂದ್ರೆ, ‘ನಿಮಗೆ ಅಷ್ಟೊಂದು ಕೆಲಸ ಇತ್ತು ಸಿಸ್ಟರ್, ತೊಂದರೆ ಯಾಕೆ ಕೊಡೋದು ಅಂತ’ ಅಂದ್ರು.” ಟಾರ್ಚಕ್ಕ ಆ ಜೇಬಿನ ಹೊಲಿಗೆ ಸವರುತ್ತಾರೆ. “ನೀವು ಪ್ರೀತಿಯಿಂದ ತಪ್ಪು ಮಾಡಿದ್ರಿ ಅತ್ತಿಗೆ. ನಾನು ಅವಸರದಿಂದ ಮಾಡಿದ್ದೆ. ನನ್ನದಕ್ಕಿಂತ ನಿಮ್ಮದು ವಾಸಿ.”

“ಆ ಟೈಲರು?”

“ಕಲ್ಲುಗುಂಡಿನ ಹಾಗಿದ್ದಾರೆ. ಹುಷಾರಾದ ಮೇಲೆ ಮೊದಲು ಹೊಲಿದಿದ್ದು ಈ ಜೇಬು. ‘ಇನ್ನು ಮೇಲೆ ಕೇಳೋಕೆ ಹೋಗಬೇಡಿ, ನೋಡಿ’ ಅಂದ್ರು. ಈಗಲೂ ಹೊಸ ಯೂನಿಫಾರ್ಮು ಬಂದ್ರೆ ಅವರ ಅಂಗಡಿಗೇ ಒಯ್ತೀನಿ. ಜೇಬು ಹಾಕಿಕೊಡುವಾಗ ಬಾಯಿ ಬಿಟ್ಟು ತೋರಿಸ್ತಾರೆ. ಮೂವತ್ತೆರಡರಲ್ಲಿ ಹತ್ತೊಂಬತ್ತು ಉಳಿದಿವೆ.”

ಹೆಂಡತಿ ಮೂಗು ಒರೆಸಿಕೊಂಡು ನಗುತ್ತಾರೆ. ಬಾಟಲಿ ಕಸದ ಬುಟ್ಟಿಗೆ ಹೋಗುತ್ತದೆ.

ಅಂದು ಮಧ್ಯಾಹ್ನ ಟಾರ್ಚಕ್ಕ ಡಾಕ್ಟರ ಬಳಿ ಹೋಗಿ ಚಾರ್ಟು ಮುಂದಿಡುತ್ತಾರೆ. ಊಟಕ್ಕೆ ಮುಂಚೆ ಬಾಯಿ ಮರಗಟ್ಟಿಸುವ ಔಷಧಿ, ನೋವಿಗೆ ಹೊತ್ತು ತಪ್ಪದ ಸಿರಪ್ಪು ಬರೆಸಿಕೊಳ್ಳುತ್ತಾರೆ. ವಾಸನೆಯ ಮೂಲ ಕ್ರಿಮಿಯಲ್ಲ, ಒಣಗಿದ ಬಾಯಿ ಎಂದು ಹರಾಜಣ್ಣನ ಹೆಂಡತಿಯನ್ನು ಕೂರಿಸಿ ತಿಳಿಸುತ್ತಾರೆ. ಕಿರಣ ಬಿದ್ದು ಎಂಜಲು ಬತ್ತಿದೆ. ಎಂಜಲಿಲ್ಲದ ಬಾಯಿ ಸದಾ ತೇವವಾಗಿರಬೇಕು. ಎರಡು ಗಂಟೆಗೊಮ್ಮೆ ಸಪ್ಪೆ ನೀರು ಮುಕ್ಕಳಿಸಿ ಉಗಿಯಬೇಕು. ಮಗುವಿನ ಬ್ರಷ್ಷಿನಷ್ಟು ಮೆತ್ತಗಿನ ಬ್ರಷ್ಷು, ಅದನ್ನೂ ಬೆಚ್ಚಗಿನ ನೀರಲ್ಲಿ ಅದ್ದಿ. ತುಟಿಗೆ ತೆಳ್ಳಗೆ ಮುಲಾಮು. ಗಂಜಿ, ಹಾಲು, ಹಿಸುಕಿದ ಆಲೂಗಡ್ಡೆ, ಮೆತ್ತಗೆ ಬೆಂದ ಮೊಟ್ಟೆ, ಎಲ್ಲವೂ ಆರಿದ್ದು, ಖಾರ ಹುಳಿ ಸೋಕದ್ದು. ಮರಗಟ್ಟಿಸುವ ಔಷಧಿ ಹಾಕಿದ ಕೂಡಲೇ ಗಬಗಬ ತಿನ್ನುವಂತಿಲ್ಲ, ಚಿಕ್ಕ ಚಿಕ್ಕ ತುತ್ತು, ಕೂತುಕೊಂಡೇ.

ಹೆಂಡತಿ ಈಗ ಕೈಗಡಿಯಾರ ಬಿಚ್ಚಿ ಲೋಟದ ಪಕ್ಕದಲ್ಲೇ ಇಟ್ಟಿದ್ದಾರೆ. ಎರಡು ಗಂಟೆ ಆಗುವುದಕ್ಕೆ ಐದು ನಿಮಿಷ ಮುಂಚೆಯೇ ಲೋಟ ಬಾಯಿಯ ಹತ್ತಿರ ಇರುತ್ತದೆ. “ನಮ್ಮ ಮದುವೇಲೂ ನೀನು ಇಷ್ಟು ಹೊತ್ತಿಗೆ ಸರಿಯಾಗಿ ಬಂದಿರಲಿಲ್ಲ,” ಎಂದು ಹರಾಜಣ್ಣ ಪಿಸುಗುಡುತ್ತಾರೆ.

“ಮಾತು ಕಡಿಮೆ ಮಾಡಿ, ಮುಕ್ಕಳಿಸಿ.”

ಬುಧವಾರ ಎರಡು ಬಟ್ಟಲು ಗಂಜಿ ಒಳಗೆ ಹೋಗುತ್ತದೆ. ಗುರುವಾರ ಮೂರು, ಜೊತೆಗೊಂದು ಮೊಟ್ಟೆ. ಹುಣ್ಣು ಮಾಯವಾಗಿಲ್ಲ, ಗಂಟಲ ಹತ್ತಿರದ್ದು ರೇಡಿಯೇಷನ್ ಮುಗಿದ ಮೇಲೂ ಕೆಲವು ವಾರ ಇರುತ್ತದೆ ಎಂದು ಟಾರ್ಚಕ್ಕ ಮೊದಲೇ ಹೇಳಿಬಿಟ್ಟಿದ್ದಾರೆ, ಸುಳ್ಳು ಧೈರ್ಯ ಅವರ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ನಾಲಗೆಯ ತುದಿ ಮತ್ತೆ ನಾಲಗೆಯ ಬಣ್ಣಕ್ಕೆ ತಿರುಗಿದೆ. ಕೆಳದುಟಿಯ ಒಳಮೈ ಗುಲಾಬಿಯಾಗಿದೆ. ಹರಾಜಣ್ಣ ಈಗ ಕಣ್ಣು ಮುಚ್ಚದೆ ಬಾಯಿ ಬಿಡುತ್ತಿದ್ದಾರೆ.

ಹಾಗಾದರೆ ಬಾಗಿಲ ಬಳಿಗೆ ಸರಿದಿದ್ದ ಆ ಕುರ್ಚಿ? ಶನಿವಾರ ಸಂಜೆ ಹರಾಜಣ್ಣನ ತಮ್ಮ ಮತ್ತೆ ಬರುತ್ತಾರೆ, ಕೈಯಲ್ಲಿ ಎರಡು ಎಳನೀರು. ಬಂದವರು ಈ ಸಲವೂ ಬಾಗಿಲಲ್ಲೇ ನಿಲ್ಲುತ್ತಾರೆ. ಹರಾಜಣ್ಣ ಮೆಲ್ಲಗೆ ಗೋಡೆಯ ಕಡೆ ತಿರುಗುತ್ತಾರೆ. ಶನಿವಾರ ಟಾರ್ಚಕ್ಕನಿಗೆ ಮಧ್ಯಾಹ್ನದ ಪಾಳಿ. ಪಕ್ಕದ ಹಾಸಿಗೆಯಿಂದಲೇ ಕೇಳುತ್ತಾರೆ.

“ಯಾಕಪ್ಪಾ, ಒಳಗೆ ಬರೋಕೆ ಮೂಗು ಅಡ್ಡ ಬರುತ್ತಾ?”

“ಮೂಗೇ ಸಿಸ್ಟರ್! ಆವತ್ತು ಬಂದಾಗ ಸಿಕ್ಕಾಪಟ್ಟೆ ನೆಗಡಿ ನನಗೆ. ಬಾಗಿಲ ಮೇಲೆ ನೀವೇ ಹಾಕಿದ್ದೀರಲ್ಲ ಬೋರ್ಡು, ನೆಗಡಿ ಕೆಮ್ಮು ಇರೋರು ರೋಗಿ ಹತ್ರ ಹೋಗಬೇಡಿ ಅಂತ? ಕೂತ ಮೇಲೆ ಓದಿದೆ. ಕುರ್ಚಿ ಎಳ್ಕೊಂಡು ಬಾಗಿಲಿಗೆ ಹೋದೆ. ಮನೆಗೆ ಹೋಗಿ ಹೆಂಡತಿ ಹತ್ರ ಬೈಸ್ಕೊಂಡೆ. ಈಗ ವಾಸಿಯಾಗಿ ನಾಲ್ಕು ದಿನ ಆಯ್ತು, ಆದ್ರೂ ನಿಮ್ಮನ್ನ ಕೇಳಿ ಒಳಗೆ ಬರೋಣ ಅಂತ…”

ಹರಾಜಣ್ಣ ಗೋಡೆಯಿಂದ ಈ ಕಡೆ ತಿರುಗುತ್ತಾರೆ.

“ನೆಗಡಿ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತೋ, ದಡ್ಡ ಮುಂಡೇದೆ?” ನೂಲಿನ ದನಿ ಹುರಿಯಷ್ಟು ದಪ್ಪವಾಗಿದೆ.

“ನೀನು ಗಾಬರಿ ಆಗ್ತೀಯ ಅಂತ ಸುಮ್ನಿದ್ದೆ ಅಣ್ಣಾ.”

“ನೆಗಡಿ ಇಟ್ಕೊಂಡು ಇಲ್ಲಿಗೆ ಬಂದಿದ್ದಕ್ಕೆ ನಿಮಗೆ ಬೈಗುಳ ಬಾಕಿ ಇದೆ,” ಎನ್ನುತ್ತಾರೆ ಟಾರ್ಚಕ್ಕ. ಆಮೇಲೆ ಜೇಬಿನಿಂದ ಟಾರ್ಚು ತೆಗೆದು ತಮ್ಮನ ಕೈಗಿಡುತ್ತಾರೆ. “ಮಾಸ್ಕು ಹಾಕಿ, ಕೈ ತೊಳೆದು, ಹತ್ರ ಕೂತು ನೋಡಿ. ನಿಮ್ಮಣ್ಣ ಏನು ಹೊತ್ಕೊಂಡು ಕೂತಿದ್ದಾರೆ ಅಂತ ಮನೆಯವರಿಗೂ ಗೊತ್ತಿರಬೇಕು.”

ತಮ್ಮ ನೋಡುತ್ತಾರೆ. ಟಾರ್ಚು ಹಿಂದಕ್ಕೆ ಕೊಟ್ಟು ಕುರ್ಚಿಯನ್ನು ಮಂಚಕ್ಕೆ ತಾಗುವಷ್ಟು ಎಳೆದುಕೊಳ್ಳುತ್ತಾರೆ. ಸಂದರ್ಶಕರ ಗಂಟೆ ಬಾರಿಸುವ ತನಕ ಏಳುವುದಿಲ್ಲ.

ಒಂಬತ್ತು ವರ್ಷದ ಹಿಂದಿನವರೆಗೆ ಈ ಆಸ್ಪತ್ರೆಯ ಚಾರ್ಟಿನಲ್ಲಿ ಬಾಯಿಗೆ ಜಾಗವೇ ಇರಲಿಲ್ಲ. ನಾಡಿ, ಉಸಿರು, ಜ್ವರ, ಮೂತ್ರ, ಇಷ್ಟೇ ಸಾಲು. ಟಾರ್ಚಕ್ಕ ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಒಂದು ಸಣ್ಣ ಬಾಯಿಯ ಚಿತ್ರ ಬರೆದು, ಹುಣ್ಣಿದ್ದಲ್ಲಿ ಚುಕ್ಕಿ ಇಡುತ್ತಿದ್ದರು. “ಏನಿದು, ಮೀನಾ?” ಎಂದು ಒಬ್ಬ ಡಾಕ್ಟರು ಕೇಳಿದ್ದುಂಟು. ಕೇಳಿದವರೇ ಮುಂದೆ ಆ ಮೀನು ಹುಡುಕಿಕೊಂಡು ಚಾರ್ಟು ತಿರುವತೊಡಗಿದರು. ಈಗ ಅಚ್ಚಾದ ಹಾಳೆಯಲ್ಲೇ, ಜ್ವರದ ಕೆಳಗೆ, ಬಾಯಿಗೊಂದು ಸಾಲಿದೆ. ಪಕ್ಕದಲ್ಲಿ ಪುಟ್ಟ ಚಿತ್ರವೂ ಇದೆ. ಅದನ್ನು ಬರೆದವರ ಹೆಸರು ಹಾಳೆಯ ಮೇಲಿಲ್ಲ. ಹೊಸದಾಗಿ ಸೇರಿದ ನರ್ಸುಗಳಿಗೆ ಅದು ಮೊದಲಿಂದ ಇದ್ದದ್ದೇ.

ಮತ್ತೆ ಸೋಮವಾರ. ಇಪ್ಪತ್ತೆಂಟನೆಯ ಸಲ. ಬೆಳಿಗ್ಗೆ ತೂಕದ ಮುಳ್ಳು ಅತ್ತಿತ್ತ ತೂಗಾಡಿ ಐವತ್ತೊಂಬತ್ತು ಕಿಲೋ ಆರುನೂರು ಗ್ರಾಮಿಗೆ ನಿಲ್ಲುತ್ತದೆ. ಒಂದು ವಾರದಲ್ಲಿ ಇಳಿದದ್ದು ಇನ್ನೂರೇ ಗ್ರಾಮು. ಆದರೆ ತೂಕದ ಮಾತು ತೂಕಕ್ಕೆ, ಮುಖವಾಡದ ಮಾತು ಮುಖವಾಡಕ್ಕೆ. ರೇಡಿಯೇಷನ್ ಕೋಣೆಯ ಬಾಗಿಲಲ್ಲಿ ಹೆಂಡತಿ ಗಾಜಿನೊಳಗೆ ಕಣ್ಣು ನೆಟ್ಟು ನಿಂತಿದ್ದಾರೆ. ವಾರ್ಡಿನ ಕೆಲಸ ಅರ್ಧಕ್ಕೆ ಬಿಟ್ಟು ಟಾರ್ಚಕ್ಕನೂ ಬಂದಿದ್ದಾರೆ, ಕೇಳಿದರೆ ಲಿಫ್ಟು ಕೆಟ್ಟಿದೆ, ಹೀಗೇ ಬಂದೆ ಎನ್ನುತ್ತಾರೆ. ಲಿಫ್ಟು ನೆಟ್ಟಗಿದೆ.

“ಇದು ಮುಗಿದ ಮೇಲೆ ನಿಮಗೆ ಏನಾದ್ರೂ ಕೊಡಿಸಲೇಬೇಕು ಅಂತ ಇವರ ಹಟ,” ಎನ್ನುತ್ತಾರೆ ಹೆಂಡತಿ, ಗಾಜಿನಿಂದ ಕಣ್ಣು ತೆಗೆಯದೆ. “ಏನು ಬೇಕು ಹೇಳಿ ಸಿಸ್ಟರ್.”

“ನನಗೇನೂ ಬೇಡ ಅತ್ತಿಗೆ. ಆಸ್ಪತ್ರೆಯವರಿಗೆ ಒಂದು ಮಾತು ಹೇಳಿ. ಚಕ್ರ ಇರೋ ಸ್ಟೂಲು ಬೇಕು. ದಿನಾ ನಲವತ್ತು ಬಾಯಿಗೆ ಆ ಮರದ ಸ್ಟೂಲು ಹೊತ್ಕೊಂಡು ತಿರುಗಿ ತಿರುಗಿ ಮಂಡಿ ಹೋಗಿದೆ. ಅರ್ಜಿ ಕೊಟ್ಟು ಮೂರು ವರ್ಷ ಆಯ್ತು.”

“ಅಷ್ಟೇನಾ?”

“ಇನ್ನೊಂದಿದೆ. ನಾನು ಇಲ್ಲಿಂದ ಹೋದ ಮೇಲೆ, ಬಾಯಿ ಬಿಡಿಸಿ ನೋಡದೆ ಯಾರೂ ‘ಚೆನ್ನಾಗಿದೆ’ ಅಂತ ಬರೀಬಾರದು. ಅಷ್ಟೇ.”

ಒಳಗೆ ಹರಾಜಣ್ಣ ಮೇಜಿನ ಮೇಲೆ ಮಲಗಿದ್ದಾರೆ. ಟೆಕ್ನಿಷಿಯನ್ನರು ಜಾಲರಿ ಮುಖವಾಡವನ್ನು ಮುಖದ ಮೇಲಿಟ್ಟು, ಸುತ್ತಲೂ ಕ್ಲಿಪ್ಪು ಒತ್ತುತ್ತಾರೆ, ಟಕ್, ಟಕ್, ಟಕ್. ಆಮೇಲೆ ಕೆನ್ನೆಯ ಬಳಿ ಒಂದು ಬೆರಳು ತೂರಿಸುತ್ತಾರೆ. ಹೋಗುತ್ತದೆ. ಅದರ ಪಕ್ಕಕ್ಕೆ ಎರಡನೆಯದನ್ನು ಇಡುತ್ತಾರೆ. ಒತ್ತುತ್ತಾರೆ. ಅದು ಉಗುರಿನ ಹತ್ತಿರವೇ ನಿಂತುಬಿಡುತ್ತದೆ. ಇನ್ನೊಮ್ಮೆ ಒತ್ತಿ ನೋಡಿ, ಗಾಜಿನ ಕಡೆ ತಿರುಗಿ ತಲೆಯಾಡಿಸಿ, ಹೊರಗೆ ಬರಲು ಹೆಜ್ಜೆ ಇಡುತ್ತಾರೆ.

ದಪ್ಪ ಬಾಗಿಲು ಮುಚ್ಚುವ ಮುನ್ನ, ಜಾಲರಿಯೊಳಗೆ ಅಲುಗಾಡದ ಮುಖದ ಕೆಳಗೆ, ಹರಾಜಣ್ಣನ ಬಲಗೈ ಮೇಜಿನಿಂದ ಮೇಲೇಳುತ್ತದೆ. ಅಂಗೈ ಮೇಜಿನ ಮೇಲೆ ಬೀಳುತ್ತದೆ. ಒಂದು ಸಲ. ಎರಡು ಸಲ. ಮೂರು ಸಲ.